ತೊಟ್ಟಿಯ ತಳದಲ್ಲಿ ಒಂದು ಅಳಿವೆ

ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಮನೆಯೊಳಗೆ ಮೀನು ಸಾಕುವ ಗೆಳೆಯ ಗೆಳತಿಯರೇ,

ಹಳದಿ ಮೈ, ಅದರ ಮೇಲೆ ಕಪ್ಪು ಪಟ್ಟೆ, ಉದ್ದ ಹೆಚ್ಚೆಂದರೆ ಮೂರು ನಾಲ್ಕು ಸೆಂಟಿಮೀಟರ್. ಬಂಬಲ್‌ಬೀ ಗೋಬಿ ಎಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿಕೊಡುವ ಈ ಮೀನು ನಿಮ್ಮಲ್ಲಿ ಹಲವರ ಮನೆಗೆ ಬಂದಿದೆ, ಹೆಚ್ಚಿನವರ ಮನೆಯಲ್ಲಿ ಬಾಳಿಲ್ಲ. ಯಾರನ್ನು ಕೇಳಿದರೂ ಮಾತು ಒಂದೇ: ರೋಗ ಎಂತದೂ ಇರಲಿಲ್ಲ ಮಾರಾಯ್ರೆ, ಬಣ್ಣ ಮಾಸಿತು, ಹೊಟ್ಟೆ ಒಳಗೆ ಹೋಯಿತು, ಒಂದು ಬೆಳಿಗ್ಗೆ ನೋಡಿದರೆ ಸತ್ತಿತ್ತು. ರೋಗ ಇರಲಿಲ್ಲ ಎನ್ನುವುದು ನಿಜವೇ. ಅದು ಸತ್ತದ್ದು ಹಸಿವೆಯಿಂದ, ದಿನಕ್ಕೆರಡು ಹೊತ್ತು ಊಟ ಉದುರಿಸಿದ ತೊಟ್ಟಿಯಲ್ಲೇ.

ಮೀನು ಸಾಕಬೇಡಿ ಎಂದು ಹೇಳುವುದಕ್ಕೆ ಈ ಪತ್ರ ಅಲ್ಲ. ನನ್ನ ತಕರಾರು ಬೇರೆ. ಬೆಂಗಳೂರಿನಲ್ಲಿ ಎರಡನೇ ಮಹಡಿಯಲ್ಲಿ ಕೂತು ಗೋಬಿ ಸಾಕುವವನು ಉಪ್ಪಿನಿಂದ ಹಿಡಿದು ಮರಳಿನವರೆಗೆ ಎಲ್ಲವನ್ನೂ ದುಡ್ಡು ಕೊಟ್ಟೇ ತರಬೇಕು. ನಮಗೆ ಹಾಗಲ್ಲ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ಹೊಳೆಗಳು ಕೂಡುವ ಪಂಚಗಂಗಾವಳಿ ಇತ್ತ ಇದೆ, ಸೀತೆ ಸ್ವರ್ಣೆಯರು ಒಟ್ಟಿಗೆ ಕಡಲು ಸೇರುವ ಕೋಡಿಬೆಂಗ್ರೆ ಅತ್ತ ಇದೆ. ಗೋಬಿಗೆ ಬೇಕಾದ ನೀರು, ನೆಲ, ಊಟ ಎಲ್ಲವೂ ಕೈಯಳತೆಯಲ್ಲಿದೆ. ಆದರೂ ನಾವು ಮೀನನ್ನು ಮಾತ್ರ ತರುತ್ತೇವೆ. ಮೀನಿನ ಜೊತೆಗೆ ಅಳಿವೆಯನ್ನೂ ಒಂದಿಷ್ಟು ಮನೆಗೆ ತರದೆ ಈ ಕೆಲಸ ಆಗುವುದಿಲ್ಲ ಎನ್ನುವುದಷ್ಟೇ ನಾನು ಹೇಳಹೊರಟದ್ದು.

ಮೊದಲು ಮೀನನ್ನು ಸ್ವಲ್ಪ ಹತ್ತಿರದಿಂದ ನೋಡಿ. ಗೋಬಿಗಳಲ್ಲಿ 1,700ಕ್ಕೂ ಹೆಚ್ಚು ಜಾತಿಗಳಿವೆ. ಫಿಲಿಪ್ಪೀನ್ಸಿನಲ್ಲಿ ಒಂದು ಸೆಂಟಿಮೀಟರ್ ಆಚೀಚೆಗೇ ಪೂರ್ತಿ ಬೆಳೆದು ನಿಲ್ಲುವ ಗೋಬಿಯೂ ಇದೆ. ಹೆಚ್ಚಿನವುಗಳಿಗೆ ಒಂದು ಗುರುತು ಸಮಾನ: ಎದೆಯ ಕೆಳಗಿನ ಎರಡು ರೆಕ್ಕೆಗಳು ಒಂದಕ್ಕೊಂದು ಬೆಸೆದು ಸಣ್ಣ ಬಟ್ಟಲಿನಂತಾಗಿವೆ. ಮೀನು ತೊಟ್ಟಿಯ ಗಾಜಿಗೆ ಅಂಟಿ ಕೂತಾಗ ಎದುರಿನಿಂದ ನೋಡಿದರೆ ಆ ಬಟ್ಟಲಿನ ಅಂಚು ಗಾಜಿಗೆ ಒತ್ತಿಕೊಂಡಿರುವುದು, ಒಳಗಿನ ರೆಕ್ಕೆಕಡ್ಡಿಗಳು ಕವಲೊಡೆದು ಹರಡಿರುವುದು ಚೆನ್ನಾಗಿ ಕಾಣುತ್ತದೆ. ಹೊಳೆಯಲ್ಲಿ ಇಳಿತದ ಸೆಳೆತ ಜೋರಾದಾಗ ಕಲ್ಲನ್ನು ಬಿಡದೆ ಹಿಡಿಯುವುದು ಈ ಬಟ್ಟಲಿನಿಂದ. ಹವಾಯಿ ದ್ವೀಪಗಳಲ್ಲಿ ಇದರ ಬಲದಿಂದಲೇ ನೂರು ಮೀಟರ್ ಎತ್ತರದ ಜಲಪಾತದ ಬಂಡೆ ಹತ್ತುವ ಗೋಬಿಗಳಿವೆ. ಮೊದಲ ಮಳೆಗೆ ಗದ್ದೆಯ ತೋಡು ಹಿಡಿದು ಬರುವ ಹತ್ತುಮೀನನ್ನು ಕಂಡ ನಮಗೆ ಮೀನು ಹತ್ತುವುದು ಹೊಸ ಸುದ್ದಿಯಲ್ಲ, ಆದರೆ ಬಂಡೆಯನ್ನು ನೆಟ್ಟಗೆ ಹತ್ತುವುದು ಬೇರೆ ಮಟ್ಟದ ಕಸುಬು.

ಇನ್ನೊಂದು ಸಂಗತಿ. ಇತರ ಮೀನುಗಳನ್ನು ನೀರಿನ ನಡುವೆ ತೇಲಿಸಿ ನಿಲ್ಲಿಸುವ ಗಾಳಿಚೀಲ ಬಹಳಷ್ಟು ಗೋಬಿಗಳಲ್ಲಿ ಇಲ್ಲವೇ ಇಲ್ಲ, ಇದ್ದರೂ ನೆಪಕ್ಕೆ. ಈಜುವುದು ನಿಲ್ಲಿಸಿದರೆ ತಳಕ್ಕೆ ಇಳಿಯುತ್ತದೆ. ಸಾಕುವುದರ ಮುಕ್ಕಾಲು ಪಾಲು ಕಷ್ಟ ಹುಟ್ಟುವುದು ಇಲ್ಲಿಂದ. ನೀವು ಮೇಲೆ ಉದುರಿಸಿದ ಚಕ್ಕೆ ಆಹಾರ ತೇಲುತ್ತದೆ. ಗಪ್ಪಿ, ಮೋಲಿ, ಟೆಟ್ರಾಗಳು ಅಲ್ಲೇ ಮುಗಿಸುತ್ತವೆ. ಕೆಳಗೆ ಇಳಿದ ಚೂರನ್ನೂ ಗೋಬಿ ಮುಟ್ಟುವುದಿಲ್ಲ, ಏಕೆಂದರೆ ಅದು ಅಲುಗುವುದಿಲ್ಲ. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿ ಎಸೆದರೆ ಮುಗಿಬೀಳುವ ಮೀನುಗಳನ್ನು ನೋಡಿ ಮೀನೆಂದರೆ ಹಾಗೇ ಎಂದು ನಂಬಿದವರು ನಾವು. ಗೋಬಿ ಬೇಟೆಗಾರ. ಮೂಗಿನ ತುದಿಯಲ್ಲಿ ಗುಳಿಗೆ ಆಹಾರ ಬಿದ್ದಿದ್ದರೂ ಕಣ್ಣು ಹೊರಳಿಸಿ ನೋಡಿ ಸುಮ್ಮನಾಗುತ್ತದೆ. ಅದೇ ಜಾಗಕ್ಕೆ ಒಂದು ಸೊಳ್ಳೆಮರಿ ಕೊಂಕುತ್ತ ಬರಲಿ, ಮೊದಲು ತಲೆ ಮಾತ್ರ ತಿರುಗುತ್ತದೆ, ಆಮೇಲೆ ಬಾಲ ಓರೆಯಾಗುತ್ತದೆ, ಒಂದು ಹಾರಿಗೆ ಕೆಲಸ ಮುಗಿದಿರುತ್ತದೆ.

ಸೊಳ್ಳೆಮರಿ ಒಳ್ಳೆಯ ಊಟವೇ, ಆದರೆ ಅದನ್ನು ಹಿತ್ತಿಲಿನ ಬಕೆಟಿನಲ್ಲಿ ಬೆಳೆಸಲು ಹೋಗಬೇಡಿ. ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆಯರು ಹೂಕುಂಡ, ಟಯರು, ಗೆರಟೆ ಮಗುಚಿ ಹಾಕುತ್ತಾ ಬರುವುದು ಸುಮ್ಮನೆ ಅಲ್ಲ. ನಿಮ್ಮ ಒಂದು ಮೀನಿಗಾಗಿ ಕೇರಿಗೆ ಡೆಂಗಿ ತರುವ ಹವ್ಯಾಸ ಯಾರಿಗೂ ಬೇಡ. ಆರ್ಟೀಮಿಯಾ ಮೊಟ್ಟೆ ಈಗ ಸಣ್ಣ ಡಬ್ಬಿಯಲ್ಲಿ ಸಿಗುತ್ತದೆ. ಉಪ್ಪುನೀರಿಗೆ ಹಾಕಿ ಗಾಳಿ ಗುಳ್ಳೆ ಬಿಟ್ಟರೆ ನಮ್ಮ ಸೆಕೆಗೆ ಒಂದೂವರೆ ದಿನದೊಳಗೆ ಮರಿ ಒಡೆಯುತ್ತದೆ. ಬಂಬಲ್‌ಬೀಯಂಥ ಪುಟ್ಟ ಬಾಯಿಗೆ ಇದಕ್ಕಿಂತ ಹಿತವಾದದ್ದಿಲ್ಲ. ಸಣ್ಣ ಎರೆಹುಳವನ್ನು ಕೊಚ್ಚಿ ಕೊಡಬಹುದು. ತಾಜಾ ಚಟ್ಲಿಯನ್ನು ಉಪ್ಪು ಖಾರ ತಾಗುವ ಮೊದಲೇ ಒಂದು ಚೂರು ತೆಗೆದಿಟ್ಟು, ಸಾಸಿವೆ ಗಾತ್ರಕ್ಕೆ ಹೆಚ್ಚಿ, ಸೂಜಿ ತೆಗೆದ ಸಿರಿಂಜಿಗೆ ಉದ್ದ ಕೊಳವೆ ಸಿಕ್ಕಿಸಿ ಮೀನಿನ ಎದುರೇ ಮೆಲ್ಲಗೆ ಊದಿ. ಚೂರು ನೀರಿನಲ್ಲಿ ಓಡುತ್ತಿರುವಷ್ಟು ಹೊತ್ತು ಅದನ್ನು ಜೀವವಿರುವುದು ಎಂದೇ ಗೋಬಿ ಎಣಿಸುತ್ತದೆ. ಕೆಲವು ವಾರ ಹೀಗೆ ಮಾಡಿದರೆ ಸಿರಿಂಜಿನ ಕೊಳವೆ ಕಂಡ ಕೂಡಲೇ ಬಿಲದಿಂದ ಹೊರಗೆ ಬರುತ್ತದೆ. ಉಳಿದ ಚೂರನ್ನು ಅರ್ಧ ಗಂಟೆಯೊಳಗೆ ಅದೇ ಸಿರಿಂಜಿನಿಂದ ಎಳೆದು ತೆಗೆಯಿರಿ. ಸಿಗಡಿ ಕೊಳೆತ ನೀರು ಮೀನಿಗೆ ವಿಷ.

ಜೊತೆಗಾರರ ವಿಚಾರ ಬೇಗ ಮುಗಿಯುತ್ತದೆ: ಬೇಡ. ಚುರುಕಾಗಿ ಉಣ್ಣುವ ಯಾವ ಮೀನಿದ್ದರೂ ಗೋಬಿಗೆ ಉಪವಾಸ. ಎರಡು ಅಡಿ ಉದ್ದ, ಒಂದಡಿ ಅಗಲದ ತೊಟ್ಟಿಯಲ್ಲಿ ಆರೆಂಟು ಬಂಬಲ್‌ಬೀಗಳು ಮಾತ್ರ ಇರಲಿ. ಎತ್ತರ ಎಷ್ಟಿದ್ದರೂ ಅವಕ್ಕೆ ಲೆಕ್ಕವಿಲ್ಲ, ತಳದ ವಿಸ್ತಾರವೇ ಅವುಗಳ ಆಸ್ತಿ. ಒಂದಕ್ಕೊಂದು ಗುರುಗುಟ್ಟುತ್ತ ಗಡಿ ಹಾಕಿಕೊಳ್ಳುತ್ತವೆ, ಆದುದರಿಂದ ತಲೆಗೊಂದು ಬಿಲ, ಮೇಲೊಂದೆರಡು ಹೆಚ್ಚುವರಿ. ಸಿಂಪಿ ಚಿಪ್ಪು, ಕುದಿಸಿದ ಗೆರಟೆ, ಅರ್ಧ ಇಂಚಿನ ಪಿವಿಸಿ ಕೊಳವೆಯ ತುಂಡು, ಯಾವುದಾದರೂ ಆದೀತು. ಪ್ಲಾಸ್ಟಿಕ್ ಕೋಟೆ, ಬಾಯಿ ತೆರೆದು ಮುಚ್ಚುವ ಪೆಟ್ಟಿಗೆಗಳ ಬಗ್ಗೆ ನನ್ನ ಅಭಿಪ್ರಾಯ ಬರೆಯುವುದಿಲ್ಲ.

ಈಗ ನೀರು. ನಮ್ಮ ಬದಿಯ ಮುರಕಲ್ಲಿನ ಬಾವಿಯ ನೀರು ಕುಡಿಯಲು ಸಿಹಿ, ಬಟ್ಟೆಗೆ ಒಂದಿಷ್ಟು ಸೋಪಿಗೇ ನೊರೆ ಬರುತ್ತದೆ. ಅಂದರೆ ಅದು ಮೆದುನೀರು, ಸುಣ್ಣದ ಅಂಶ ಕಡಿಮೆ, ಸ್ವಲ್ಪ ಆಮ್ಲದ ಕಡೆಗೆ ವಾಲಿದ್ದು. ಅಳಿವೆಯ ಮೀನಿಗೆ ಬೇಕಾದದ್ದು ಇದರ ಉಲ್ಟಾ. ಪಟ್ಟಣದ ನಲ್ಲಿನೀರಾದರೆ ಕ್ಲೋರಿನ್ ಬೇರೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು. ಸುಣ್ಣದ ಕೊರತೆಗೆ ಮದ್ದು ಅಡುಗೆಮನೆಯ ಹಿಂದೆಯೇ ಬಿದ್ದಿರುತ್ತದೆ. ಮಳಿ ಸುಕ್ಕ ಮಾಡಿದ ದಿನ ಎಸೆದ ಚಿಪ್ಪುಗಳನ್ನು ತೊಳೆದು, ಕುದಿಸಿ, ಬಿಸಿಲಿಗೆ ಒಣಗಿಸಿ, ಜಜ್ಜಿ ಒಂದು ಹಿಡಿ ಫಿಲ್ಟರಿನೊಳಗೆ ಇಡಿ. ಕರಾವಳಿಯಲ್ಲಿ ಗೋಡೆಗೆ ಹಚ್ಚಲು, ಎಲೆಯಡಿಕೆಗೆ ತಿಕ್ಕಲು ಸುಣ್ಣ ಸುಟ್ಟದ್ದು ಇದೇ ಚಿಪ್ಪಿನಿಂದ. ಸುಡದೆ ಇಟ್ಟರೆ ನೀರಿನಲ್ಲಿ ನಿಧಾನಕ್ಕೆ ಕರಗುತ್ತದೆ, ನೀರು ಹುಳಿಯಾದಷ್ಟು ಹೆಚ್ಚು ಕರಗುತ್ತದೆ, ಸರಿಯಾದ ಮೇಲೆ ತಾನಾಗಿ ಕಡಿಮೆಯಾಗುತ್ತದೆ. ಬಾಟಲಿಯಲ್ಲಿ ಬರುವ ಯಾವ ಔಷಧಿಗೂ ಈ ಬುದ್ಧಿ ಇಲ್ಲ.

ಉಪ್ಪಿಗೆ ಅಯೋಡಿನ್ ಹಾಕಿದ ಅಡುಗೆ ಉಪ್ಪು ಬಳಸಬೇಡಿ. ಕಡಲಿನ ನೀರಿನಲ್ಲಿ ಬರೀ ಉಪ್ಪಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಇದೆ. ಆ ನೀರೇ ನಮಗೆ ಪುಕ್ಕಟೆ ಸಿಗುತ್ತದೆ. ತರುವುದಕ್ಕೆ ಹದವಾದ ಕಾಲ ಬೇಸಗೆ. ಮಳೆಗಾಲದಲ್ಲಿ ಹೊಳೆನೀರು ಕಡಲಿನ ಮೇಲೆ ಹರಡಿ ಉಪ್ಪು ಎಷ್ಟೆಂದು ಹೇಳಲು ಬರುವುದಿಲ್ಲ. ಗಂಗೊಳ್ಳಿ ಬಂದರಿನ ಧಕ್ಕೆಯ ಬಳಿ ತುಂಬಿಸಬೇಡಿ, ಡೀಸೆಲ್ ಇರುತ್ತದೆ. ಮರವಂತೆಯಂಥ ತೆರೆದ ತೀರದಿಂದ, ಅಳಿವೆ ಬಾಯಿಗೆ ದೂರವಾಗಿ, ಅಲೆ ಇಳಿದಿರುವಾಗ ಕ್ಯಾನಿಗೆ ತುಂಬಿಸಿ, ದಪ್ಪ ಬಟ್ಟೆಯಲ್ಲಿ ಸೋಸಿ, ಕತ್ತಲೆಯಲ್ಲಿ ಎರಡು ವಾರ ಇಟ್ಟು ಬಳಸಿ. ಕಡಲ ನೀರಿನ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುವುದರಿಂದ ಒಂದು ಪಾಲು ಕಡಲು, ಒಂಬತ್ತು ಪಾಲು ಬಾವಿ ಬೆರೆಸಿದರೆ ಲೀಟರಿಗೆ ಮೂರೂವರೆ ಗ್ರಾಂ ಆಯಿತು. ಬಂಬಲ್‌ಬೀಗೆ ಅಷ್ಟು ಸಾಕು. ಒಂದೇ ದಿನ ಹೊಯ್ದುಬಿಡಬೇಡಿ, ವಾರಕ್ಕೊಮ್ಮೆ ನೀರು ಬದಲಿಸುವಾಗ ಸ್ವಲ್ಪ ಸ್ವಲ್ಪ ಏರಿಸಿ. ಮೀನಿನ ಹೊಲಸಿನಿಂದ ಏಳುವ ಅಮೋನಿಯಾವನ್ನು ಅಪಾಯವಿಲ್ಲದ್ದಾಗಿ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಮನೆಮಾಡಲು ಹೇಗೂ ನಾಲ್ಕರಿಂದ ಆರು ವಾರ ಬೇಕು, ಉಪ್ಪು ದಿಢೀರ್ ಏರಿದರೆ ಅವೂ ಸೋಲುತ್ತವೆ. ಮೀನು ಬರುವ ಮೊದಲೇ ತೊಟ್ಟಿ ಹದಕ್ಕೆ ಬಂದಿರಬೇಕು ಎನ್ನುವುದು ಇದಕ್ಕೇ. ಆವಿಯಾದ ನೀರಿಗೆ ಬದಲು ಸಿಹಿನೀರನ್ನೇ ಸೇರಿಸಿ, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ.

ಕುದ್ರುಗಳಲ್ಲಿ ಇರುವವರಿಗೆ ಈ ಲೆಕ್ಕ ನಗು ತರಿಸಬಹುದು. ಏಪ್ರಿಲಿನಲ್ಲಿ ಅವರ ಬಾವಿಯೇ ಉಪ್ಪಾಗುತ್ತದೆ. ಉಪ್ಪುನೀರು ಮೇಲೆ ಏರದಂತೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವ ಊರುಗಳವರಿಗೂ ಗೊತ್ತು, ಇಲ್ಲಿ ನೀರಿನ ರುಚಿ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಜುಲೈಯಲ್ಲಿ ಹೆಚ್ಚುಕಡಿಮೆ ಸಿಹಿಯಾಗಿ ಕೆಂಪಗೆ ಹರಿಯುವ ಹೊಳೆ ಮೇ ಹೊತ್ತಿಗೆ ಕಡಲಾಗಿರುತ್ತದೆ. ಎರಡನ್ನೂ ತಾಳಿಕೊಂಡು ಅದೇ ಕಲ್ಲಿನಡಿ ಉಳಿಯುವುದು ಇಲ್ಲಿನ ಗೋಬಿಗಳ ಹೆಚ್ಚುಗಾರಿಕೆ.

ಇಲ್ಲಿನ ಗೋಬಿಗಳು ಎಂದೆ. ಬಂಬಲ್‌ಬೀ ಹೆಸರಿನಲ್ಲಿ ಪೇಟೆಗೆ ಬರುವವು ಹೆಚ್ಚಾಗಿ ಆಗ್ನೇಯ ಏಷ್ಯದ ಜಾತಿಗಳು. ವಿಮಾನ, ಸಗಟು ವ್ಯಾಪಾರಿ, ಬಸ್ಸು ಎಲ್ಲ ದಾಟಿ ಸುಸ್ತಾಗಿ ನಮ್ಮ ಕೈ ಸೇರುತ್ತವೆ. ಅತ್ತ ಹೆಮ್ಮಾಡಿಯ ಸೇತುವೆಯ ಮೇಲೆ, ಮಾಬುಕಳದ ಸೇತುವೆಯ ಮೇಲೆ ನಾವು ದಿನಾ ಹೋಗುತ್ತೇವೆ, ಕೆಳಗಿನ ಕೆಸರು ಮರಳಿನಲ್ಲಿ ಗೋಬಿಗಳು ಓಡಾಡುತ್ತಿರುತ್ತವೆ. ಅವುಗಳಿಗೆ ಹಳದಿ ಅಂಗಿ ಇಲ್ಲ, ಮರಳಿನ ಬಣ್ಣ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಫ್ರಾನ್ಸಿಸ್ ಬುಕನನ್ ಹೆಸರು ಇತಿಹಾಸ ಓದಿದವರಿಗೆ ಗೊತ್ತಿರುತ್ತದೆ. ಟಿಪ್ಪುವಿನ ಪತನದ ನಂತರ 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸುತ್ತಿದ ವೈದ್ಯ. 1801ರ ಆರಂಭದಲ್ಲಿ ಕರಾವಳಿ ಹಿಡಿದು ಉತ್ತರಕ್ಕೆ ಹೋಗುವಾಗ ಕುಂದಾಪುರ, ಬೈಂದೂರು ದಾಟಿದ. ಭತ್ತ, ತೆಂಗು, ಗೇಣಿ, ತೆರಿಗೆ ಎಲ್ಲ ಬರೆದುಕೊಂಡ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಇಟ್ಟುಕೊಂಡ ಅದೇ ಮನುಷ್ಯ 1822ರಲ್ಲಿ ಗಂಗಾನದಿಯ ಮೀನುಗಳ ಮೇಲೆ ದೊಡ್ಡ ಪುಸ್ತಕ ತಂದ. ಅದರಲ್ಲಿ ಅವನು ವಿವರಿಸಿದ ಗೋಬಿಗಳ ಪೈಕಿ ನೂನಸ್ ಎಂಬುದು ಬಂಗಾಳದ ಬಂಬಲ್‌ಬೀ. ಗಿಯೂರಿಸ್ ಎಂಬುದು ನಮ್ಮ ಹೊಳೆಗಳಲ್ಲೂ ಇರುವಂಥದ್ದು, ಇಂದಿನ ಗ್ಲಾಸೋಗೋಬಿಯಸ್ ಗಿಯೂರಿಸ್. ಇಲ್ಲಿನ ಹೊಳೆ ದಾಟುವಾಗ ದೋಣಿಯ ಅಡಿಯಲ್ಲೇ ಅದು ಇದ್ದಿರಬೇಕು. ಕುಂಪಣಿಗೆ ಕಂದಾಯ ಮುಖ್ಯ, ದೋಣಿಯಡಿಯ ಮೀನಲ್ಲ.

ಗಿಯೂರಿಸನ್ನು ಗುರುತಿಸುವುದು ಕಷ್ಟವಲ್ಲ. ಚಪ್ಪಟೆ ತಲೆ, ಮುಂದಕ್ಕೆ ಚಾಚಿದ ಕೆಳದವಡೆ, ಬದಿಯಲ್ಲಿ ಮಸುಕು ಕಲೆಗಳ ಸಾಲು, ಬಾಯಿ ತೆರೆದರೆ ತುದಿಯಲ್ಲಿ ಸೀಳಿದ ನಾಲಿಗೆ. ಬೆರಳುದ್ದದ ಮರಿ ನೋಡಲು ಮುದ್ದು. ಮನೆಗೆ ತರಬೇಡಿ. ಅದು ಮೊಣಕೈ ಉದ್ದಕ್ಕೆ ಬೆಳೆಯುವ ಮೀನು, ಬಾಯಿಗೆ ಹಿಡಿಸುವ ಎಲ್ಲವನ್ನೂ ನುಂಗುತ್ತದೆ. ಸಾಕುವುದಿದ್ದರೆ ಪೂರ್ತಿ ಬೆಳೆದರೂ ಏಳೆಂಟು ಸೆಂಟಿಮೀಟರ್ ದಾಟದ ಸಣ್ಣ ಜಾತಿಗಳನ್ನು ಆರಿಸಿ. ಯಾವುದೆಂದು ತಿಳಿಯದಿದ್ದರೆ ಗಾಜಿನ ಬಾಟಲಿಯಲ್ಲಿ ಹಾಕಿ ಕೆಳಗಿನಿಂದ, ಬದಿಯಿಂದ ಫೋಟೋ ತೆಗೆದು, ಮೀನನ್ನು ಅಲ್ಲೇ ಬಿಟ್ಟು ಬನ್ನಿ. ಗುರುತು ಸಿಕ್ಕ ಮೇಲೆ ಇನ್ನೊಂದು ಇಳಿತಕ್ಕೆ ಹೋದರಾಯಿತು, ಹೊಳೆ ಎಲ್ಲಿಗೂ ಹೋಗುವುದಿಲ್ಲ.

ಹಿಡಿಯುವ ಕಾಲ ಮಳೆ ಪೂರ್ತಿ ನಿಂತು ನೀರು ತಿಳಿಯಾದ ಮೇಲೆ, ಇಳಿತದ ಕೊನೆಯಲ್ಲಿ. ಸಣ್ಣ ಕೈಬಲೆ ಸಾಕು. ಬೀಸುಬಲೆ ಹಾಕಿದರೆ ಬೇಡದ್ದೆಲ್ಲ ಬರುತ್ತದೆ, ಬಲೆಯ ಮೀನಿನಿಂದ ಹೊಟ್ಟೆ ಹೊರೆಯುವವರ ಜಾಗದಲ್ಲಿ ನಿಂತು ನಾವು ಆಟ ಆಡುವುದೂ ಸರಿಯಲ್ಲ. ಕಲ್ಲು ಎತ್ತಿ ನೋಡಿದಾಗ ಅದರ ಅಡಿಗೆ ಮೊಟ್ಟೆ ಅಂಟಿದ್ದರೆ, ಓಡಿಹೋಗದೆ ಅಲ್ಲೇ ನಿಂತ ಗೋಬಿ ತಂದೆ. ಕಲ್ಲನ್ನು ಹೇಗಿತ್ತೋ ಹಾಗೆ ಮೆಲ್ಲಗೆ ಇಡಿ. ಕಾಂಡ್ಲಾ ಗಿಡಗಳ ಬುಡದ ಕೆಸರಿನಲ್ಲಿ ಕಣ್ಣು ಮೇಲೆತ್ತಿ ಜಿಗಿಯುವ ಮಡ್‌ಸ್ಕಿಪ್ಪರ್ ಕೂಡ ಗೋಬಿಯ ಬಳಗದ್ದೇ. ಅದಕ್ಕೆ ಕೆಸರು, ಹಸಿ ಗಾಳಿ, ಓಡಾಡಲು ಜಾಗ ಬೇಕು, ಗಾಜಿನ ಪೆಟ್ಟಿಗೆಯಲ್ಲಿ ಅದರ ಬಾಳು ನರಕ. ನೋಡಬೇಕೆನಿಸಿದರೆ ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಕಯಾಕ್ ಏರಿ, ಇಳಿತದ ಹೊತ್ತಿಗೆ. ಕಡಲ್ಕುದುರೆ, ಹವಳದ ತುಂಡು ಯಾರು ಕೊಟ್ಟರೂ ಮುಟ್ಟಬೇಡಿ, 2001ರಿಂದ ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ.

ಇನ್ನು, ಸಾಕಿ ಬೇಸರ ಬಂದವರು ಮಾಡುವ ಕೆಲಸದ ಬಗ್ಗೆ. ತೊಟ್ಟಿಯ ಮೀನನ್ನು ಹೊಳೆಗೆ ಬಿಡುವುದು ಪುಣ್ಯ ಎಂಬ ಭಾವನೆ ನಮ್ಮಲ್ಲಿದೆ. ದಯವಿಟ್ಟು ಬೇಡ. ಗಾಜು ನೆಕ್ಕಲಿ ಎಂದು ಮನೆಗೆ ತಂದ ಸಕ್ಕರ್ ಮೀನು ಕೇರಳ, ತಮಿಳುನಾಡಿನ ಎಷ್ಟೋ ನೀರಿನಲ್ಲಿ ತಳವೂರಿದ್ದು ಹೀಗೆಯೇ. ಗೋಬಿಯೂ ಇದಕ್ಕೆ ಹೊರತಲ್ಲ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯ ಒಂದು ಗೋಬಿ ಹಡಗಿನ ತೂಕದ ನೀರಿನಲ್ಲಿ ಸಾಗಿ ಉತ್ತರ ಅಮೆರಿಕ ತಲುಪಿ, 1990ರಲ್ಲಿ ಸೇಂಟ್ ಕ್ಲೇರ್ ನದಿಯಲ್ಲಿ ಮೊದಲು ಕಾಣಿಸಿಕೊಂಡಿತು. ಈಗ ಅಲ್ಲಿನ ಮಹಾಸರೋವರಗಳ ತಳವೆಲ್ಲ ಅದರದ್ದೇ, ಸ್ಥಳೀಯ ಮೀನುಗಳ ಮೊಟ್ಟೆ ತಿಂದು ಬೆಳೆಯುತ್ತಿದೆ.

ಗೋಬಿಯ ಬಗ್ಗೆ ಚೆನ್ನಾಗಿ ಬಲ್ಲವರಿಗೂ ಈ ಪಾಠ ತಪ್ಪಿದ್ದಲ್ಲ. ಜಪಾನಿನ ಹಿಂದಿನ ಚಕ್ರವರ್ತಿ ಅಕಿಹಿತೊ ಗೋಬಿ ವರ್ಗೀಕರಣದಲ್ಲಿ ಜಗತ್ತೇ ಒಪ್ಪಿದ ಪಂಡಿತರು. ಯುವರಾಜರಾಗಿದ್ದಾಗ, 1963ರಲ್ಲಿ, ಗೋಬಿಗಳ ಹೆಗಲೆಲುಬಿನ ಮೇಲೆ ಪ್ರಬಂಧ ಬರೆದವರು. ಅವರ ಹೆಸರನ್ನೇ ಹೊತ್ತ ಗೋಬಿಗಳಿವೆ. 1960ರಲ್ಲಿ ಅಮೆರಿಕಕ್ಕೆ ಹೋದಾಗ ಷಿಕಾಗೊ ಮೇಯರ್ ಉಡುಗೊರೆಯಾಗಿ ಕೊಟ್ಟ ಬ್ಲೂಗಿಲ್ ಮೀನನ್ನು ಅವರು ತಂದು ಮೀನುಗಾರಿಕಾ ಸಂಸ್ಥೆಗೆ ಒಪ್ಪಿಸಿದರು, ಊಟಕ್ಕೆ ಒದಗೀತು ಎಂಬ ಆಸೆ. ಅದು ಬೀವಾ ಸರೋವರಕ್ಕೆ ಸೇರಿ ಅಲ್ಲಿನ ಮೀನುಗಳನ್ನು ಕಂಗಾಲು ಮಾಡಿತು. 2007ರಲ್ಲಿ ಅದೇ ಸರೋವರದ ಊರಿನಲ್ಲಿ ನಿಂತು ಅವರು ಬಹಿರಂಗವಾಗಿ ವಿಷಾದ ಹೇಳಿದರು. ಹಾಗಾಗಿ ಬೇಡವಾದ ಮೀನನ್ನು ಇನ್ನೊಬ್ಬ ಸಾಕುವವರಿಗೆ ಕೊಡಿ, ಶಾಲೆಗೆ ಕೊಡಿ, ಅಂಗಡಿಗೇ ಹಿಂದಿರುಗಿಸಿ. ನಮ್ಮದೇ ಹೊಳೆಯಿಂದ ತಂದ ಗೋಬಿಯಾದರೂ ಒಮ್ಮೆ ಅಂಗಡಿ ಮೀನಿನ ಜೊತೆ ನೀರು ಹಂಚಿಕೊಂಡಿದ್ದರೆ ಅದರ ರೋಗಗಳೆಲ್ಲ ಇದರ ಮೈಯಲ್ಲೂ ಇರಬಹುದು, ಅದಕ್ಕೂ ಹೊಳೆಯ ಬಾಗಿಲು ಮುಚ್ಚಿದ ಹಾಗೆ. ತೊಟ್ಟಿಯ ಹಳೆ ನೀರನ್ನೂ ತೋಡಿಗೆ ಹೊಯ್ಯಬೇಡಿ, ತೆಂಗಿನ ಬುಡಕ್ಕೆ ಹಾಕಿ. ಅಷ್ಟು ಉಪ್ಪು ತೆಂಗಿಗೆ ಏನೂ ಮಾಡುವುದಿಲ್ಲ.

ಇಷ್ಟೆಲ್ಲ ಮಾಡಿದವರ ತೊಟ್ಟಿಯಲ್ಲಿ ಒಂದು ದಿನ ಗಂಡು ಗೋಬಿ ಕೊಳವೆಯಿಂದ ಹೊರಗೆ ಬರುವುದನ್ನು ನಿಲ್ಲಿಸುತ್ತದೆ. ಟಾರ್ಚು ಹಿಡಿದು ಓರೆಯಿಂದ ಇಣುಕಿ. ಕೊಳವೆಯ ಮಾಡಿಗೆ ಎಳ್ಳಿಗಿಂತ ಸಣ್ಣ, ನೀಳ ಮೊಟ್ಟೆಗಳು ಜೋತುಬಿದ್ದಿರುತ್ತವೆ. ಅಪ್ಪ ಕೆಳಗೆ ಕೂತು ಎದೆಯ ರೆಕ್ಕೆಗಳಿಂದ ಬಿಡದೆ ಗಾಳಿ ಹಾಕುತ್ತಿರುತ್ತಾನೆ, ಹಾಳಾಗಿ ಬಿಳಚಿದ ಮೊಟ್ಟೆಯನ್ನು ಬಾಯಿಂದ ಕಿತ್ತು ತೆಗೆಯುತ್ತಾನೆ, ತಾಯಿ ಹತ್ತಿರ ಬಂದರೂ ಅಟ್ಟುತ್ತಾನೆ. ಒಂದು ವಾರದ ಆಚೀಚೆ ಮರಿ ಒಡೆಯುತ್ತದೆ. ಕರೆಂಟು ಹೋಗುವ ಆಷಾಢದಲ್ಲಿ ಇದು ನಡೆದರೆ ಬ್ಯಾಟರಿಯ ಗಾಳಿಪಂಪು ಕೈಯಲ್ಲಿರಲಿ.

ಮರಿಗಳನ್ನು ಉಳಿಸಿಕೊಳ್ಳುವುದೇ ಕಷ್ಟದ ಕೆಲಸ. ಆರ್ಟೀಮಿಯಾ ಕೂಡ ಮೊದಲ ದಿನಗಳಲ್ಲಿ ಅವುಗಳ ಬಾಯಿಗೆ ದೊಡ್ಡದು. ಬಿಸಿಲಿಗೆ ಇಟ್ಟು ಹಸಿರಾದ ಉಪ್ಪುನೀರು, ಅದರಲ್ಲಿ ಬೆಳೆದ ಕಣ್ಣಿಗೆ ಕಾಣದ ಜೀವಿಗಳು ಬೇಕು. ಆದರೆ ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ, ಉಪ್ಪುನೀರಿಗೂ ಇಲ್ಲ. ಮನೆಮನೆಯಲ್ಲಿ ಮರಿಯಾದರೆ ದೂರದಿಂದ ಸುಸ್ತಾದ ಮೀನು ತರಿಸುವ ಗೋಜೇ ಇರುವುದಿಲ್ಲ. ನಿಮ್ಮಲ್ಲಿ ಯಾರಾದರೂ ಒಂದು ಹತ್ತು ಮರಿಯನ್ನು ಪಟ್ಟೆ ಮೂಡುವವರೆಗೆ ಉಳಿಸಿದರೆ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು ಉಳಿದವರಿಗೂ ತೋರಿಸಿ: ಯಾವ ತಿಂಗಳು, ನೀರಿಗೆ ಎಷ್ಟು ಉಪ್ಪು, ಹಸಿರುನೀರು ಎಷ್ಟು ದಿನ ಕೊಟ್ಟಿರಿ, ಆರ್ಟೀಮಿಯಾಕ್ಕೆ ಯಾವಾಗ ಬದಲಿಸಿದಿರಿ. ಬಾವಿನೀರೋ ನಲ್ಲಿನೀರೋ ಎಂಬುದನ್ನು ಬರೆಯಲು ಮರೆಯಬೇಡಿ.

ಇಂತಿ,
ನಿಮ್ಮಂತೆಯೇ ಗಾಜಿನ ಮುಂದೆ ಕೂರುವವ